ಹಿಕ್ಕೆಯ ಲೆಕ್ಕ

ನಮೂನೆಯಲ್ಲಿ ಎರಡು ಅಂಕಣ:
ಪ್ರತ್ಯಕ್ಷ ದರ್ಶನ. ಪರೋಕ್ಷ ಗುರುತು.
ಮೊದಲನೆಯದರಲ್ಲಿ ಹನ್ನೊಂದು ತಿಂಗಳಿಂದ
ಇಲ್ಲ, ಇಲ್ಲ, ಇಲ್ಲ ಎಂದು ಬರೆದೂ ಬರೆದೂ
ಈಗ ಬರೀ ಒಂದು ಅಡ್ಡಗೆರೆ ಎಳೆಯುತ್ತೇನೆ.
ದೇವರ ವಿಷಯದಲ್ಲೂ ನನ್ನದು ಇದೇ ಗತಿ
ಎಂದರೆ ಪಾಲಯ್ಯ ನಗುವುದಿಲ್ಲ,
ಬಂದರಿಕೆ ಗಿಡ ಸರಿಸಿ ದಾರಿ ಬಿಡುತ್ತಾನೆ.

ರಂಗಯ್ಯನದುರ್ಗದ ಈ ಕುರುಚಲು ಗುಡ್ಡದಲ್ಲಿ
ನಮ್ಮದು ಎರಡು ಕಿಲೋಮೀಟರಿನ ಒಂದು ಗೆರೆ.
ನಕ್ಷೆಯಲ್ಲಿ ನೆಟ್ಟಗಿದೆ;
ನೆಲದಲ್ಲಿ ಅದು ಕಾರೆಮುಳ್ಳಿಗೆ ಹೆದರಿ ಬಳುಕುತ್ತದೆ,
ಬಂಡೆಗೆ ಸುತ್ತು ಹಾಕುತ್ತದೆ,
ಕಮರದ ನೆರಳು ಸಿಕ್ಕರೆ ಕೂತೇಬಿಡುತ್ತದೆ.
ನನ್ನ ಬಳಿ ಜಿಪಿಎಸ್, ಪೆನ್ಸಿಲ್, ಅಳತೆಪಟ್ಟಿ.
ಅವನ ಬಳಿ ಒಂದು ಮಚ್ಚು, ಅರ್ಧ ರೊಟ್ಟಿ,
ಇಪ್ಪತ್ತು ವರ್ಷ ಕುರಿ ಕಾದ ಕಣ್ಣು.

ಕೊಂಡುಕುರಿ ನಾಚಿಕೆಯ ಪ್ರಾಣಿ.
ನಾಲ್ಕು ಕೊಂಬು ಹೊತ್ತ ಗಂಡಿಗೂ
ಎದುರು ನಿಲ್ಲುವ ಜಂಬವಿಲ್ಲ.
ಒಂದು ವಿಷಯದಲ್ಲಿ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ:
ಹೊರಕಡೆಗೆ ಅದಕ್ಕೆ ಅದೇ ಜಾಗ ಬೇಕು,
ನಿನ್ನೆಯದರ ಪಕ್ಕ ಇವತ್ತಿನದು,
ಅರಳಿಕಟ್ಟೆಯ ಮುದುಕರಿಗೆ
ಅವರವರ ಕಲ್ಲು ಇದ್ದ ಹಾಗೆ.
ಆಡಿನದಲ್ಲ ಅಂತ ಹೇಗೆ ಹೇಳ್ತೀಯ? ಕೇಳಿದ್ದೆ.
'ಆಡು ನಡೀತಾ ನಡೀತಾ ಉದುರಿಸ್ತೈತಿ,
ಇದು ನಿಂತು ಕೂಡಿಡ್ತೈತಿ.'

ನಾನು ಮಂಡಿಯೂರಿ ಎಣಿಸುತ್ತೇನೆ.
ಹಸಿಯವು, ಕಪ್ಪಗೆ ಮಿರುಗುವವು: ನಲವತ್ತಾರು.
ಒಣಗಿ ಬೂದಿಬಣ್ಣಕ್ಕೆ ತಿರುಗಿದವು: ನೂರಾ ಚಿಲ್ಲರೆ.
ದಾವಣಗೆರೆಯ ಮನೆಯಲ್ಲಿ ಅವ್ವ ಕೇಳುತ್ತಾಳೆ,
ಎಂಎಸ್ಸಿ ಓದಿ ಏನು ಕೆಲಸ ಮಾಡ್ತಿ ನೀನು?
ಲೆಕ್ಕ ಬರೀತೀನವ್ವ, ಎನ್ನುತ್ತೇನೆ.
ಸರ್ಕಾರಿ ಲೆಕ್ಕವಾ? ಮುಖ ಅರಳುತ್ತದೆ.

ರೋಹಿಣಿ ಮಳೆ ಒಂದೇ ರಾತ್ರಿ ಬಂದು ಹೋಯಿತು.
ಮರುದಿನ ಏಳನೇ ಗುರುತಿನ ಬಳಿ
ಒಂದೂ ಇಲ್ಲ.
ಹಸಿಯದೂ ಇಲ್ಲ, ಒಣಗಿದ್ದೂ ಇಲ್ಲ,
ತೊಳೆದಿಟ್ಟ ತಾಟಿನಂಥ ನೆಲ.
ಆಚೆ ದಿಬ್ಬದ ಮೇಲೆ ಗಾಳಿಯಂತ್ರದ ಮೂರು ರೆಕ್ಕೆ
ಯಾರಿಗೂ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು.
ಹಿಂದಿನ ವಾರ ಊರನಾಯಿಗಳ ಹಿಂಡೊಂದು
ತೊಟ್ಟಿಯ ನೀರಿಗೆ ಬಂದದ್ದು ಕ್ಯಾಮೆರಾದಲ್ಲಿತ್ತು,
ಕತ್ತಲಲ್ಲಿ ಒಂಬತ್ತು ಜೊತೆ ಬಿಳಿ ಕಣ್ಣು.
ನಾನು ಸೊನ್ನೆ ಬರೆದೆ.
ಒಂದು ಸೊನ್ನೆ ಬರೆಯಲು ಇಷ್ಟು ಹೊತ್ತು ಬೇಕೆಂದು
ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಪಾಲಯ್ಯ ಕುಕ್ಕರಗಾಲಲ್ಲಿ ಕೂತ,
ಕಡ್ಡಿಯಿಂದ ಮಣ್ಣು ಕೆದಕಿದ.
'ಬರ್ಕೆಂಡ್ಬಿಟ್ರಾ? ಅಳಸ್ರಿ.
ಮಳಿ ಬಿದ್ರೆ ಹುಳ ಏಳ್ತಾವ ಮೇಡಂ,
ರಾತ್ರೋರಾತ್ರಿ ಉಳ್ಳಿಸ್ಕೆಂಡು ಒಯ್ತಾವ.
ಕುರಿ ಹೋಗೈತಿ ಅಂತ ಹೆಂಗ್ ಹೇಳ್ತೀರಿ,
ಹುಳ ಬಂದೈತಿ ಅಂತ ಬರೀರಿ.'
ಬೆರಳಗಲದ ತೂತಿನ ಬಾಯಲ್ಲಿ
ಕರ್ರಗೆ ಹೊಳೆಯುವ ಬೆನ್ನೊಂದು
ಮದುವೆಮನೆಯ ಹಂಡೆ ಸಾಗಿಸುವವರ ಆತುರದಲ್ಲಿ
ಹಿಂಗಾಲಿಂದ ಉಂಡೆಯೊಂದನ್ನು ನೂಕುತ್ತಿತ್ತು.

ಹುಳಕ್ಕೆ ನಮೂನೆಯಲ್ಲಿ ಅಂಕಣವಿಲ್ಲ.

ಸೊನ್ನೆ ಅಳಿಸಲಿಲ್ಲ. ಪಕ್ಕದಲ್ಲಿ
ಸಣ್ಣಕ್ಷರದಲ್ಲಿ ಸೇರಿಸಿದೆ: ಮಳೆ, ಹುಳ, ಖಚಿತವಿಲ್ಲ.
ಆಮೇಲೆ ಮೂರನೇ ಗುರುತಿನಿಂದ ಹತ್ತು ಹಿಕ್ಕೆ ತಂದು
ನೆರಳಲ್ಲಿ ಐದು, ಬಯಲಲ್ಲಿ ಐದು ಇಟ್ಟು
ಪ್ರತಿಯೊಂದರ ಪಕ್ಕ ಒಂದು ಮುಳ್ಳು ನೆಟ್ಟೆವು,
ಎಷ್ಟು ದಿನ ಬಾಳುತ್ತವೆ ನೋಡೋಣವೆಂದು.
ಕಾವಲಿನವನನ್ನು ಕಂಡು
ಕುರಿ ತಿರುಗಿಸಿಕೊಂಡು ಹೊರಟಿದ್ದ ಹುಡುಗ
ಕುತೂಹಲ ತಡೆಯದೆ ನಿಂತ.
'ಏನ್ ಬಿತ್ತಾಕತ್ತೀರಿ?'
ಪಾಲಯ್ಯ ತಲೆಯೆತ್ತಲಿಲ್ಲ.
'ಕೊಂಡುಕುರಿ' ಅಂದ.