ಅರ್ಥಿಂಗ್

ಎಡಗಡೆ ತೂತಿಗೆ ಹಾಕಿದರೆ ಟುಣುಕ್ ಅಂತ ಬರುತ್ತದೆ,
ಟುಣುಕ್ ಅಂತ ಹೋಗುತ್ತದೆ.
ಬಲಗಡೆಯದಕ್ಕೆ ಅಷ್ಟು ಸೌಜನ್ಯವೂ ಇಲ್ಲ.
ಹಸಿರು ಮಿಣಮಿಣ ಎಂದರೆ ಹುಡುಕುತ್ತಿದೆ.
ನೀಲಿ ಎಂದರೆ ಸಿಕ್ಕಿತು.
ಉಸಿರು ಬಿಗಿಹಿಡಿದು ನೀಲಿಯನ್ನೇ ನೋಡುತ್ತ ಕೂತರೆ
ಮತ್ತೆ ಹಸಿರು.

ದಾವಣಗೆರೆಯ ಈ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಹೊಗೆಯಿಲ್ಲದೆ ನಡೆಯುವ ಅಂಗಡಿ ನನ್ನದೊಂದೇ.
ಜಾತಿ-ಆದಾಯ, ರೇಷನ್ ಕಾರ್ಡು, ಪರೀಕ್ಷೆ ಫೀಜು,
ಅರ್ಜಿಗೆ ಇಪ್ಪತ್ತು ರೂಪಾಯಿ.
ಲ್ಯಾಪ್‌ಟಾಪು ಯಾವುದೋ ಬ್ಯಾಂಕಿನವರು ಹರಾಜಿಗಿಟ್ಟದ್ದು,
ಬೆನ್ನ ಮೇಲೆ ಇನ್ನೂ ಅವರ ಚೀಟಿ, ನಂಬರು ನಲವತ್ತೇಳು.

ಏನೆಲ್ಲ ಮಾಡಿದೆ.
ಸಿಮ್ ತೆಗೆದು ಸೆರಗಿಗೆ ಒರೆಸಿದೆ.
ಡ್ರೈವರ್ ಕಿತ್ತು ಮತ್ತೆ ಹಾಕಿದೆ, ಮೂರು ಸಲ.
ಮೋಡೆಮ್ಮಿಗೆ ಉದ್ದನೆ ವೈರು ಸಿಕ್ಕಿಸಿ
ಕಿಟಕಿಯ ಮೊಳೆಗೆ ತೂಗುಹಾಕಿದೆ,
ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕ.
ಕಂಪನಿಯ ಹುಡುಗಿ ಫೋನಿನಲ್ಲಿ ಅಂದಳು,
ಆಫ್ ಮಾಡಿ ಆನ್ ಮಾಡಿ ಮೇಡಂ.
ಎಂಟು ತಿಂಗಳಿಂದ ಇನ್ನೇನು ಮಾಡುತ್ತಿದ್ದೇನೆ, ತಾಯಿ.

ಆಮೇಲೊಂದು ಮಧ್ಯಾಹ್ನ ಕರೆಂಟು ಹೋಯಿತು.
ನೀಲಿ ನಿಂತಿತು.
ಕಲ್ಲಲ್ಲಿ ಕೊರೆದ ಹಾಗೆ ನಿಂತಿತು.
ಮುದಿ ಬ್ಯಾಟರಿ ಉಸಿರಾಡಿದ ಹನ್ನೊಂದು ನಿಮಿಷದಲ್ಲಿ
ಹಾಲೇಶಿಯ ಹಾಲ್ ಟಿಕೆಟ್, ಎರಡು ಆದಾಯ ಪತ್ರ,
ಆಮೇಲೆ ಪರದೆ ಕಪ್ಪು.
ಮರುದಿನ ನಾನೇ ಪ್ಲಗ್ ಕಿತ್ತೆ. ನೀಲಿ.
ಚುಚ್ಚಿದೆ. ಹಸಿರು.
ಕಿತ್ತೆ.

ಚಾರ್ಜರ್ ಇದ್ದಾಗ ಅಂಚಿಗೆ ಮುಂಗೈ ತಗುಲಿದರೆ
ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತಲ್ಲ,
ನನಗೇ ವಯಸ್ಸಾಯಿತು ಅಂದುಕೊಂಡಿದ್ದೆ.

ಕೊಟ್ರೇಶಿ ಟೆಸ್ಟರ್ ಹಿಡಿದು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ.
'ಮೂರನೇ ತೂತು ಬರೇ ತೋರಿಕೀಗೆ ಐತ್ರೀ ಅಕ್ಕಾರ,
ಈ ಬಿಲ್ಡಿಂಗಿಗೆ ಅರ್ಥಾನೇ ಇಲ್ಲ.'
ಆರು ವರ್ಷ ಬಾಡಿಗೆ ಕಟ್ಟಿದ್ದೇನೆ,
ಓನರು ಒಂದು ದಿನ ಈ ಮಾತು ಎತ್ತಿರಲಿಲ್ಲ.

ಉಪ್ಪು ಬೇಕು, ಇದ್ದಿಲು ಬೇಕು ಅಂದ.
ದಾದಾಪೀರ್ ಭಟ್ಟಿಯೊಳಗಿಂದಲೇ ನಕ್ಕ,
ಈ ಓಣಿಯಾಗ ಹುಡುಕೋ ಸಾಮಾನಾ ಅವು?
ಅಕ್ಕಿಗೆ ಕಲಸುವ ಉಪ್ಪು ಅರ್ಧ ಚೀಲ,
ಒಲೆಬಾಯಿಂದ ಗೋರಿದ ಇದ್ದಿಲು ಎರಡು ಬುಟ್ಟಿ,
ಹುಬ್ಬಿನ ತನಕ ಮಸಿಯಾದ ಅವನ ಮಗ ಹೊತ್ತು ತಂದ.
ಬಾಗಿಲ ಪಕ್ಕ ಎದೆಮಟ್ಟ ಗುಂಡಿ.
ಉಪ್ಪು, ಅದರ ಮೇಲೆ ಇದ್ದಿಲು, ಮತ್ತೆ ಉಪ್ಪು,
ನಡುವೆ ನೆಟ್ಟಗೆ ಒಂದು ಪೈಪು.

ದಿನಾ ಒಂದು ಕೊಡ ನೀರು ಹಾಕ್ರಿ, ಒಣಗಬಾರದು, ಅಂತ ಹೇಳಿ
ಮುನ್ನೂರು ತಗೊಂಡು ಹೋದ ಕೊಟ್ರೇಶಿ.

ಈಗ ಷಟರ್ ಎತ್ತುವ ಮುಂಚೆ ನೀರು.
ಮಂಡಕ್ಕಿಗೆ ಬಂದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ನೋಡಿದಳು:
ಇದ್ಯಾವ ಗಿಡ ಬೇ, ಎಲೀನೇ ಇಲ್ಲ?
ಬರ್ತಾವೆ ಅಂದೆ.

ನಿನ್ನೆ ಎರಡು ಸಲ ಕಡಿಯಿತು.
ನೀರು ಕಮ್ಮಿಯಾಯಿತೋ, ಟವರಿನದೇ ಏನೋ, ಗೊತ್ತಿಲ್ಲ.
ಇವತ್ತು ಇನ್ನರ್ಧ ಕೊಡ ಜಾಸ್ತಿ ಹೊಯ್ದಿದ್ದೇನೆ.