ಕಲಂ ಎಂಟು

ಪಾಲಿಕೆ ಗೇಟಿನ ಪಕ್ಕ, ಜೆರಾಕ್ಸ್ ಅಂಗಡಿಯ ನೆರಳಿನಲ್ಲಿ
ಮಡಚುವ ಮೇಜೊಂದು ನನ್ನ ಕಚೇರಿ.
ಅರ್ಜಿಗೆ ಮೂವತ್ತು,
ಓದು ಬಾರದವರಿಗೆ ಇಪ್ಪತ್ತು,
ಅಳುವವರಿಗೆ ನೀರು ಪುಕ್ಕಟೆ.

ಜೈತುನ್‌ಬಿ ಬಂದಾಗ ಹನ್ನೊಂದೂವರೆ.
ನಸುಕಿನ ನಾಲ್ಕಕ್ಕೆ ಭಟ್ಟಿಗೆ ಹೋಗಿ ಬಂದ ಮೈ;
ಹುಬ್ಬಿನ ಮೇಲೆ ಮಸಿ,
ಸೆರಗಿನ ಮಡಿಕೆಯಲ್ಲಿ ಎರಡು ಮಂಡಕ್ಕಿ
ಅವಳಿಗೇ ಗೊತ್ತಿಲ್ಲದೆ ಕೂತಿದ್ದವು.

ಹೆಸರು ಬರೆದೆ. ಗಂಡನ ಹೆಸರು ಬರೆದೆ.
ಬಿಸಿ ಮರಳಿನ ಮುಂದೆ ಹದಿನೆಂಟು ವರ್ಷ ಕೆಮ್ಮಿ ಹೋದವನಿಗೆ
ಅರ್ಜಿಯಲ್ಲಿ ಉಗುರಗಲದ ಚೌಕ.
ಅದರೊಳಗೆ ಒಂದು ಸರಿ ಗುರುತು.

ಕಲಂ ಏಳು: ಸ್ವಂತ ಮನೆ ಇದೆಯೇ?
ಇಲ್ರೀ.
ಕಲಂ ಎಂಟು: ಇಲ್ಲ ಎಂಬುದಕ್ಕೆ ಪುರಾವೆ?

ನಕ್ಕಳು.
"ಇಲ್ಲದ್ದಕ್ಕ ಏನ್ ಪುರಾವೆ ತರ್ಲಿ ಅಣ್ಣಾರೇ,
ಇದ್ದಿದ್ರ ತಂದು ತೋರಸ್ತಿದ್ದೆ."

ಬಾಡಿಗೆ ಕರಾರು ಇದ್ದರೆ ಸಾಕು ಅಂದೆ.
ಮಾಲೀಕ ಬರೆದುಕೊಡುವುದಿಲ್ಲ.
ಬರೆದರೆ ಒಂದು ಮೀಟರಿನ ಹಿಂದೆ
ನಾಲ್ಕು ಒಲೆ ಇರುವುದು ಕಂದಾಯದವರಿಗೆ ಗೊತ್ತಾಗುತ್ತದೆ.
"ಮನೆ ಬೇಕಾ, ಕಾಗದ ಬೇಕಾ?" ಕೇಳಿದನಂತೆ,
ಸಿಟ್ಟಿನಿಂದಲ್ಲ,
ಬಡಿಸುವವರು ರೊಟ್ಟಿಯಾ ಅನ್ನವಾ ಎಂದು ಕೇಳುವ ಹಾಗೆ.

ಹಿಂದಿನ ವಾಸಸ್ಥಳಗಳಿಗೆ ಮೂರು ಗೆರೆ ಕೊಟ್ಟಿದ್ದರು.
ಅವಳಿಗೆ ಆರು ಬೇಕಿತ್ತು.
ಮಗಳು ಬಾಣಂತನಕ್ಕೆ ಬರ್ತಾಳೆ ಅಂತ ಬಿಡಿಸಿದ್ದು,
ಮುನ್ನೂರು ಏರಿಸಿದ್ದು,
ಗೋಡೆ ಬಿದ್ದಿದ್ದು,
ಹೊಗೆ ವಾಸನೆ ಅಂದಿದ್ದು.
ಅವೆರಡರ ನಡುವೆ ಒಂದು,
ಅಡ್ವಾನ್ಸ್ ಎಣಿಸುತ್ತಾ ಹೆಸರು ಕೇಳಿ
ನೋಟು ವಾಪಸ್ ಮಡಚಿ ಕೊಟ್ಟಿದ್ದು.
ಅಲ್ಲಿ ವಾಸವೇ ಮಾಡಲಿಲ್ಲ, ಬರೀಬೇಡ ಅಂದಳು.

ರೇಷನ್ ಕಾರ್ಡು ಮೊದಲನೇ ಮನೆಯಲ್ಲೇ ಉಳಿದಿದೆ.
ಆಧಾರ್ ಮೂರನೆಯದರಲ್ಲಿ.
ಮಗನ ಶಾಲೆಯ ದಾಖಲೆ ಬಿದ್ದ ಗೋಡೆಯ ವಿಳಾಸದಲ್ಲಿ.
ಕಾಗದಗಳೆಲ್ಲ ಊರ ತುಂಬ ಒಂದೊಂದು ಮನೆ ಮಾಡಿಕೊಂಡು
ಸುಖವಾಗಿವೆ.

ಸುಮ್ಮನೆ ಅರ್ಜಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.
ಒಂಬತ್ತು ವರ್ಷ, ನೂರೆಂಟು ತಿಂಗಳು,
ಜಪಮಣಿಯಷ್ಟು.
ತಿಂಗಳಿಗೆ ಸರಾಸರಿ ಎರಡು ಸಾವಿರದ ನಾನೂರು.
ಎರಡು ಲಕ್ಷ ಐವತ್ತೊಂಬತ್ತು ಸಾವಿರದ ಇನ್ನೂರು.
ಫಲಾನುಭವಿ ಕಟ್ಟಬೇಕಾದ ವಂತಿಗೆ
ಇದಕ್ಕಿಂತ ಕಡಿಮೆ.
ಹೇಳಲಿಲ್ಲ. ರಬ್ಬರಿನಿಂದ ಒರೆಸಿದೆ,
ಅಂಕಿ ಹೋಯಿತು, ಒತ್ತಿದ ಗುರುತು ಉಳಿಯಿತು.

ಊರಾಚೆ ಕಟ್ಟಿರುವ ಮನೆಗಳನ್ನು ನೋಡಿ ಬಂದಿದ್ದಳಂತೆ,
ಬಸ್ಸಿನ ಕಿಟಕಿಯಿಂದ, ಹರಿಹರಕ್ಕೆ ಹೋಗುವಾಗ.
ಮೂರು ಮಹಡಿ. ಗುಲಾಬಿ ಬಣ್ಣ.
ಬಾಗಿಲುಗಳಿಗೆ ಇನ್ನೂ ಬೀಗ,
ಆಗಲೇ ಪಾರಿವಾಳಗಳಿಗೆ ಹಂಚಿಕೆಯಾಗಿದೆ.

"ಮಂಡಕ್ಕಿ ಮೂಟಿ ಆದ್ರ ಹೊತ್ಕೊಂಡು ಹತ್ತಬೌದು,
ನೋಡಾಕ ಆನಿ, ತೂಕಕ್ಕ ಗಾಳಿ.
ನೀರು? ಮ್ಯಾಲೆ ನೀರು ಹತ್ತತೈತಾ?"
ಹತ್ತುತ್ತದೆ ಅಂದೆ.
ನನಗೇನು ಗೊತ್ತು.

ಕಲಂ ಎಂಟು ಖಾಲಿ ಬಿಟ್ಟರೆ
ಕಿಟಕಿಯ ಗುಮಾಸ್ತ ಹಿಂದಕ್ಕೆ ನೂಕುತ್ತಾನೆ.
ಸಣ್ಣಕ್ಷರದಲ್ಲಿ ಒಂದು ದಾರಿ ಕೊಟ್ಟಿದ್ದರು:
ಪರಿಚಿತರ ದೃಢೀಕರಣ, ಸಹಿ, ಪೂರ್ಣ ವಿಳಾಸ.
ಬರೆದೆ:
ಸದರಿ ಮಹಿಳೆಗೆ ಮನೆ ಇಲ್ಲವೆಂದು ನಾನು ಬಲ್ಲೆ.
ಹದಿನೈದು ನಿಮಿಷದಿಂದ, ಆದರೂ ಚೆನ್ನಾಗಿ ಬಲ್ಲೆ,
ಎಂಬುದನ್ನು ಬರೆಯಲಿಲ್ಲ.
ಸಹಿ ಹಾಕಿದೆ.

ವಿಳಾಸದ ಹತ್ತಿರ ಪೆನ್ನು ನಿಂತಿತು.
ನನ್ನ ಮಾಲೀಕನೂ ಕಾಗದ ಕೊಟ್ಟವನಲ್ಲ;
ಬರುವ ಒಂದನೇ ತಾರೀಖು ಬಿಡು ಅಂದಿದ್ದಾನೆ.

ಜೈತುನ್‌ಬಿ ನನ್ನನ್ನೇ ನೋಡುತ್ತಿದ್ದಳು.
ಓದು ಬಾರದು, ನಿಂತ ಪೆನ್ನು ಗೊತ್ತಾಗುತ್ತದೆ.
ಕೇಳದೆಯೇ ನೀರಿನ ಬಾಟಲಿ ನನ್ನ ಕಡೆಗೆ ಸರಿಸಿದಳು.

ಬರೆದೆ: ಪಾಲಿಕೆ ಗೇಟಿನ ಪಕ್ಕ,
ಜೆರಾಕ್ಸ್ ಅಂಗಡಿಯ ನೆರಳು, ದಾವಣಗೆರೆ.
ಎರಡು ಗಂಟೆಯ ಮೇಲೆ
ಅದೂ ಜಾಗ ಖಾಲಿ ಮಾಡುತ್ತದೆ.