ಟೋಪಿ

ಟೋಪಿ ಹಾಕುವುದು ನನ್ನ ಕೆಲಸ.
ನಗಬೇಡಿ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ:
ಪ್ರಯೋಗಾಲಯ ಸಹಾಯಕಿ, ಅರ್ಧ ದಿನ, ಮೂರನೆಯ ಮಹಡಿ.
ಗ್ರಾಜ್ ಊರಿನ ವಿಶ್ವವಿದ್ಯಾಲಯ; ಕಿಟಕಿಯಾಚೆ
ಸೈಕಲ್ ನಿಲ್ಲಿಸುವ ಜಾಗ, ಒಂದು ಚೆಸ್ಟ್‌ನಟ್ ಮರ.
ಗಡಿ ದಾಟಿ ಮಾರಿಬೋರ್‌ನಿಂದ ಬಂದವಳು ನಾನು, ಜ್ದೆಂಕಾ.
ಇಲ್ಲಿಯ ಜರ್ಮನ್ ಇನ್ನೂ ನಾಲಿಗೆಗೆ ಕಲ್ಲು.

ಬಟ್ಟೆಯ ಟೋಪಿ, ಅರವತ್ನಾಲ್ಕು ತೂತು.
ಒಂದೊಂದು ತೂತಿನಲ್ಲೂ ಕೂದಲು ಬಿಡಿಸಿ
ಮೊಂಡು ಸೂಜಿಯಲ್ಲಿ ಜೆಲ್ ಇಳಿಸಿ
ತೆರೆಯ ಮೇಲಿನ ಕೆಂಪು ಚುಕ್ಕಿ ಹಸಿರಾಗುವವರೆಗೆ ಕಾಯಬೇಕು.
ಮಗಳ ತಲೆಯಲ್ಲಿ ಹೇನು ಹುಡುಕುವ ತಾಳ್ಮೆ ಬೇಕು ಅದಕ್ಕೆ.
ಪಿಎಚ್‌ಡಿ ಹುಡುಗರಿಗೆ ಅದಿಲ್ಲ.
ಆಮೇಲೆ ಸಿಂಕಿಗೆ ಬಗ್ಗಿಸಿ ತಲೆ ತೊಳೆಯುವವಳೂ ನಾನೇ,
ಎಳೆಮಕ್ಕಳ ಶ್ಯಾಂಪೂ ಹಾಕಿ.

ವರ್ಷಕ್ಕೆರಡು ಸಲ ಶಾಲೆಯ ಮಕ್ಕಳು ಬರುತ್ತಾರೆ.
ಕೇಳುವುದು ಒಂದೇ:
'ಇದು ನನ್ನ ಮನಸ್ಸಲ್ಲಿ ಇರೋದನ್ನ ಓದುತ್ತಾ?'
ಇಲ್ಲ ಮರಿ, ಅನ್ನುತ್ತಾರೆ ಪ್ರೊಫೆಸರ್ ವಾಲ್ಟ್ರೌಡ್.
ಮೇಲಿನ ಮನೆಯವರು ಕುರ್ಚಿ ಎಳೆದದ್ದು ಕೇಳಿಸುತ್ತೆ,
ಊಟಕ್ಕೋ ಜಗಳಕ್ಕೋ ತಿಳಿಯೋದಿಲ್ಲ.
ಅಷ್ಟೇ ನಮ್ಮ ವಿಜ್ಞಾನ.

ಓಟ್ಮಾರ್ ಬಂದದ್ದು ನವೆಂಬರಿನಲ್ಲಿ, ಗಾಲಿಕುರ್ಚಿಯಲ್ಲಿ.
ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವನು.
ಕಾಲು ಮೊದಲು ಇಳಿಯಿತು, ಮುಂದಿನ ನಿಲ್ದಾಣದಲ್ಲಿ ಕೈ,
ಅದರ ಮುಂದಿನದರಲ್ಲಿ ನಾಲಿಗೆ.
ಕಣ್ಣು ಮಾತ್ರ ಉಳಿದಿತ್ತು. ಅದಕ್ಕೂ ಸುಸ್ತು.

ತೆರೆಯಲ್ಲಿ ಅಕ್ಷರಗಳ ಚೌಕ.
ಒಮ್ಮೆ ಅಡ್ಡಸಾಲು, ಒಮ್ಮೆ ಉದ್ದಸಾಲು ಮಿಂಚುತ್ತದೆ.
ಬೇಕಾದ ಅಕ್ಷರ ಮಿಂಚಿದಾಗ ಮಿದುಳು 'ಹಾಂ' ಅನ್ನುತ್ತದೆ,
ಅವನಿಗೇ ಕೇಳಿಸದಷ್ಟು ಸಣ್ಣಗೆ.
ಹತ್ತಾರು ಹಾಂ ಕೂಡಿದರೆ ಒಂದಕ್ಷರ.

ಮೊದಲ ವಾಕ್ಯ ಏನಿರಬಹುದೆಂದು ನಮ್ಮಲ್ಲೇ ಪಂದ್ಯ.
ಹೆಂಡತಿಯ ಹೆಸರು, ಅಂದ ಫ್ಲೋರಿಯನ್.
ದೇವರು, ಅಂದೆ ನಾನು.
ಪ್ರಚಾರ ವಿಭಾಗದಿಂದ ಕ್ಯಾಮೆರಾ ಬಂದಿತ್ತು.
ಹೆಂಡತಿ ಹೆರ್ಮೀನೆ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು.
ತಪ್ಪು ಅಳಿಸಿದ್ದೂ ಸೇರಿ ಹನ್ನೊಂದು ನಿಮಿಷ:

ಜೆಲ್ ತಣ್ಣಗಿದೆ

ಹೆರ್ಮೀನೆ ನಕ್ಕಳು, ನಗುತ್ತಲೇ ಇದ್ದಳು,
ತುಟಿಯ ಬಣ್ಣ ಗಲ್ಲಕ್ಕೆಲ್ಲ ಬಳಿಯಿತು.
'ಇವನೇ,' ಅಂದಳು, 'ಇವನೇ ನನ್ನ ಗಂಡ.'
ಕ್ಯಾಮೆರಾದವರು ಇನ್ನೊಂದು ವಾಕ್ಯ ಕೇಳಿದರು,
ಸ್ವಲ್ಪ ಚೆನ್ನಾಗಿರುವುದು.
ಅವನು ಕಣ್ಣು ಮುಚ್ಚಿದ.

ಮರುದಿನದಿಂದ ಜೆಲ್ ಸೀಸೆ ಬಿಸಿನೀರಿನ ಲೋಟದಲ್ಲಿ.
ಚಳಿಗಾಲವೆಲ್ಲ ಅವನು ದೂರಿದ:
ಏಳನೇ ನಂಬರಿನ ಹೊಸ ಡ್ರೈವರ್ ಒರಟು ಬ್ರೇಕ್ ಹಿಡಿಯುತ್ತಾನೆ,
ಎಲುಬಿಗೆ ಗೊತ್ತಾಗುತ್ತದೆ.
ಫ್ಲೋರಿಯನ್ ಬೂಟು ಕಿರುಗುಟ್ಟುತ್ತದೆ.
ಹೆರ್ಮೀನೆ ಸೂಪಿಗೆ ಉಪ್ಪು ಹಾಕುವುದಿಲ್ಲ,
ಕೊಳವೆಯಲ್ಲಿ ಹೋಗುವುದಾದರೂ ಹಾಕಬೇಕು.

ಮಾರ್ಚಿನಲ್ಲಿ ಯೋಜನೆಯ ಹಣ ಮುಗಿಯಿತು.
ಮುಗಿಯುತ್ತದೆಂದು ಸಹಿ ಪಡೆಯುವಾಗಲೇ ತಿಳಿಸಿದ್ದೆವು,
ನಾಲ್ಕನೇ ಪುಟ, ಎರಡನೇ ಪ್ಯಾರಾ.
ಪೆಟ್ಟಿಗೆ, ತಂತಿ, ಎಲ್ಲ ಇನ್ನೊಂದು ಊರಿಗೆ ಹೋದವು.
ಪ್ರಕಟವಾದ ಪ್ರಬಂಧದಲ್ಲಿ ಅವನು 'ಭಾಗಿ ಮೂರು'.
ಮೋಸವೇನಿಲ್ಲ. ಆದರೂ
ಆ ವಾರ ಯಾರಾದರೂ 'ಏನು ಕೆಲಸ?' ಅಂದರೆ
ನನ್ನ ಹಳೇ ಜೋಕು ಹೇಳಲಾಗಲಿಲ್ಲ.

ಕೊನೆಯ ದಿನ ತಲೆ ಒರೆಸುವಾಗ
ಕಿವಿಯ ಹಿಂದೆ ಒಂದು ಚೂರು ಜೆಲ್ ಉಳಿದಿತ್ತು.
ಬೆರಳಲ್ಲಿ ತೆಗೆದೆ. ಅವನು ನೋಡುತ್ತಿದ್ದ.
ಏನನ್ನಿಸಿತೋ.
ಟೋಪಿ ಬಿಚ್ಚಿಯಾಗಿತ್ತು.

ಮೊನ್ನೆ ಮತ್ತೆ ಮಕ್ಕಳು ಬಂದಿದ್ದರು.
ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಕುರ್ಚಿ ಏರಿ ಕೂತು
ನೆತ್ತಿಗೆ ಜೆಲ್ ತಾಕಿದೊಡನೆ ಕೇಳಿದಳು:
'ಇದ್ಯಾಕೆ ಬೆಚ್ಚಗಿದೆ?'

ಒಬ್ಬರು ದೂರು ಕೊಟ್ಟಿದ್ದರು, ಅಂದೆ.
ಇಪ್ಪತ್ತೆರಡನೇ ಚುಕ್ಕಿ ಇನ್ನೂ ಕೆಂಪಗಿತ್ತು.
ಅಲುಗಾಡಬೇಡ, ಅಂದೆ,
ಕೂದಲು ಬಿಡಿಸುತ್ತ.